ಬಿಸಿಲಿಗಿಟ್ಟ ಎರಿಗಳು

ನಡುವಿನ ಪೆಟ್ಟಿಗೆಯ ಬಾಗಿಲಿಗೆ ಅಂದು ಬೆಳಿಗ್ಗೆ ಜೇಡ ಬಲೆ ಕಟ್ಟಿತ್ತು. ಬಲೆಯ ಮೇಲೆ ಇಬ್ಬನಿ ಹಾಗೇ ಕುಳಿತಿತ್ತು, ಒಂದು ಎಳೆಯೂ ಹರಿದಿರಲಿಲ್ಲ. ಜೇನುನೊಣಗಳು ಓಡಾಡುವ ಬಾಗಿಲಲ್ಲಿ ಜೇಡಕ್ಕೆ ಅಷ್ಟು ನಿಶ್ಚಿಂತೆಯಿಂದ ಕೆಲಸ ಮಾಡಲಿಕ್ಕಾಗುವುದಿಲ್ಲ. ಕೈಯಲ್ಲಿದ್ದ ಹೂವಿನ ಬುಟ್ಟಿಯನ್ನು ಬಾವಿಕಟ್ಟೆಯ ಮೇಲಿಟ್ಟು ಹತ್ತಿರ ಹೋದೆ. ಪೆಟ್ಟಿಗೆಗೆ ಕಿವಿಯಿಟ್ಟೆ. ಅಕ್ಕಪಕ್ಕದ ಎರಡು ಪೆಟ್ಟಿಗೆಗಳ ಗುಂಯ್‌ಗುಟ್ಟುವಿಕೆ ಕೇಳುತ್ತಿತ್ತು. ಇದರೊಳಗೆ ಏನೂ ಇರಲಿಲ್ಲ.

ಕೋಡಿಂಬಾಳದ ನಮ್ಮ ಮನೆಯ ಹಿಂದೆ, ರಬ್ಬರ್ ಮರಗಳ ಮೊದಲ ಸಾಲು ಶುರುವಾಗುವಲ್ಲಿ, ಈ ಮೂರು ಪೆಟ್ಟಿಗೆಗಳನ್ನು ಇಟ್ಟುಕೊಂಡವಳು ನಾನು. ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನು. ಮನೆಯವರಿಗೆ ನೊಣ ಕಚ್ಚಿದರೆ ಕಣ್ಣು ಮುಚ್ಚುವಷ್ಟು ಮುಖ ಬಾತುಕೊಳ್ಳುತ್ತದೆ, ಆದ್ದರಿಂದ ಅವರು ಆ ಕಡೆ ಸುಳಿಯುವುದಿಲ್ಲ. ಅತ್ತೆಗೆ ಜೇನುತುಪ್ಪದ ಬಾಟಲಿಯ ಮೇಲೆ ಪ್ರೀತಿ, ಪೆಟ್ಟಿಗೆಯ ಮೇಲೆ ಅಷ್ಟಕ್ಕಷ್ಟೆ.

ಮುಚ್ಚಳ ತೆಗೆದೆ. ಮೇಣದ ಎರಿಗಳ ನಡುವೆ ಬೆರಳೆಣಿಕೆಯ ನೊಣಗಳು, ಅವೂ ಚಳಿಗೆ ಮುದುಡಿ ಸತ್ತಿದ್ದವು. ಉಳಿದವು ಯಾವಾಗ ಬಿಟ್ಟು ಹೋದವೋ. ಕೆಳಗಿನ ಮೂಲೆಯಲ್ಲಿ ಮೇಣದ ಹುಳ ಹತ್ತಿಯಂಥ ಬಲೆ ನೇಯ್ದಿತ್ತು. ಓಹ್, ಇದರ ಕೆಲಸವಾ ಎಂದು ಸ್ವಲ್ಪ ಸಮಾಧಾನವೇ ಆಯಿತು. ಆದರೆ ಎರಿಯನ್ನು ಬಿಸಿಲಿಗೆ ಓರೆಯಾಗಿ ಹಿಡಿದು ನೋಡಿದಾಗ ಆ ಸಮಾಧಾನ ಹೋಯಿತು. ಆರೋಗ್ಯವಾಗಿದ್ದರೆ ನೊಣದ ಮರಿಹುಳಗಳು ಎರಿಯ ಕಣ್ಣುಗಳ ತಳದಲ್ಲಿ ಬೆಳ್ಳಗೆ, ಮುದುಡಿ ಮಲಗಿರಬೇಕು. ಇವು ಉದ್ದಕ್ಕೆ ಚಾಚಿಕೊಂಡು ತಲೆಯೆತ್ತಿ ನಿಂತಿದ್ದವು. ಕೆಲವು ಹಳದಿ, ಕೆಲವು ಚಹಾಪುಡಿಯ ಬಣ್ಣ. ರವಿಕೆಗೆ ಚುಚ್ಚಿಕೊಂಡಿದ್ದ ಪಿನ್ನಿನಿಂದ ಒಂದನ್ನು ಎತ್ತಿದೆ. ನೀರು ತುಂಬಿದ ಸಣ್ಣ ಚೀಲದ ಹಾಗೆ ಅದು ಪಿನ್ನಿನ ತುದಿಯಲ್ಲಿ ಜೋತುಬಿತ್ತು. ವಾಸನೆ ಇರಲಿಲ್ಲ. ವಾಸನೆ ಇದ್ದಿದ್ದರೆ ಇಷ್ಟು ಹೆದರುತ್ತಿರಲಿಲ್ಲವೋ ಏನೋ.

ಫೋಟೋ ತೆಗೆದು, ನನಗೆ ಮೊದಲ ಜೇನು ಕುಟುಂಬ ಕೊಟ್ಟಿದ್ದ ಪಂಜದ ಕಡೆಯ ಹಿರಿಯ ಜೇನುಕೃಷಿಕರಿಗೆ ಕಳಿಸಿದೆ. ಅವರು ಕೂಡಲೇ ಫೋನ್ ಮಾಡಿದರು.

“ಅಕ್ಕ, ಮೇಣದ ಹುಳ ಆಮೇಲೆ ಬಂದದ್ದು. ಮೊದ್ಲು ಬಂದದ್ದು ಥಾಯ್ ಸ್ಯಾಕ್‌ಬ್ರೂಡ್. ಮರಿಗೆ ಬರುವ ರೋಗ.”

“ಮದ್ದು ಎಂತ ಉಂಟು?”

“ಮದ್ದಿಲ್ಲ. ಪಕ್ಕದ ಪೆಟ್ಟಿಗೆಗೆ ಹೋಗದ ಹಾಗೆ ನೋಡಿ, ಅದೇ ಮದ್ದು. ಎರಿ, ಚೌಕಟ್ಟು ಎರಡನ್ನೂ ಸುಡಿ. ಸಂಜೆ, ನೊಣ ಎಲ್ಲ ಒಳಗೆ ಸೇರಿದ ಮೇಲೆ. ಹಗಲು ಸುಟ್ರೆ ಮೇಣದ ಪರಿಮಳಕ್ಕೆ ಊರಿನ ನೊಣ ಎಲ್ಲ ಬರ್ತದೆ. ಪೆಟ್ಟಿಗೆಯನ್ನು ಕೆರೆದು ಬಟ್ಟೆ ಸೋಡಾ ಹಾಕಿದ ಬಿಸಿನೀರಲ್ಲಿ ತಿಕ್ಕಿ, ಬೆಂಕಿ ತೋರ್ಸಿ. ಅಷ್ಟರವರೆಗೆ ಒಂದು ಹನಿ ಜೇನು ಹೊರಗೆ ಕಾಣ್ಲಿಕ್ಕಿಲ್ಲ. ತಿಳೀತಾ?”

ತಿಳಿಯಿತು. ಎರಿ ಕಟ್ಟಿದ ಚೌಕಟ್ಟುಗಳನ್ನೆಲ್ಲ ಪ್ಲಾಸ್ಟಿಕ್ ಡ್ರಮ್ಮಿನಲ್ಲಿಟ್ಟು ಮುಚ್ಚಳ ಬಿಗಿದು ಬಚ್ಚಲಿನ ಮೂಲೆಗೆ ಸೇರಿಸಿದೆ. ಖಾಲಿ ಪೆಟ್ಟಿಗೆಯನ್ನು ಗೋಣಿಯಲ್ಲಿ ಸುತ್ತಿ ಒಳಗಿಟ್ಟೆ. ಕೈಯನ್ನು ಮೊಣಕೈವರೆಗೆ ಸಾಬೂನು ಹಾಕಿ ತೊಳೆದೆ. ನಾನು ಓದಿದ ಪುತ್ತೂರಿನ ಕಾನ್ವೆಂಟಿನಲ್ಲಿ ಸಿಸ್ಟರ್ ಪ್ರತಿದಿನ ಉಗುರು ನೋಡುತ್ತಿದ್ದರು. ಅಂದು ನಾನೇ ನನ್ನ ಉಗುರುಗಳನ್ನು ಎರಡೆರಡು ಸಲ ನೋಡಿಕೊಂಡೆ. ಎರಡು ವಾರದ ಹಿಂದೆ ಇದೇ ಕೈಯಿಂದ, ಮುಚ್ಚಳ ಬಿಡಿಸುವ ಇದೇ ಕತ್ತಿಯಿಂದ ಮೂರೂ ಪೆಟ್ಟಿಗೆಗಳನ್ನು ಬಿಚ್ಚಿ ಮುಚ್ಚಿದ್ದೆ.

ಮನೆಯವರು ರಬ್ಬರ್ ಹಾಲು ತಂದಿಟ್ಟು ಕೇಳಿಸಿಕೊಂಡರು. “ನಾನು ಸಣ್ಣವ ಇರುವಾಗ ಒಮ್ಮೆ ಹೀಗೇ ಊರಿನ ಪೆಟ್ಟಿಗೆ ಎಲ್ಲ ಖಾಲಿಯಾಗಿತ್ತು. ಮತ್ತೆ ಅದ್ರಲ್ಲಿ ಅಮ್ಮ ಹುಣಸೆಹುಳಿ ತುಂಬಿಸಿಟ್ಟಿದ್ರು,” ಎಂದರು. ಸಮಾಧಾನಕ್ಕೆ ಹೇಳಿದ್ದಿರಬೇಕು. ನನಗೆ ಮಾತ್ರ ಅಟ್ಟದ ತುಂಬ ಪೇರಿಸಿಟ್ಟ, ಹುಳಿ ವಾಸನೆಯ ಜೇನುಪೆಟ್ಟಿಗೆಗಳು ಕಣ್ಣಿಗೆ ಕಟ್ಟಿದವು.

ಸೋಡಾ ಮನೆಯಲ್ಲಿರಲಿಲ್ಲ. ಊಟ ಮುಗಿಸಿ ಕಡಬಕ್ಕೆ ಹೋಗಿ ತಂದೆ. ಹೋಗುವಾಗ ಅತ್ತೆಗೆ ಹೇಳಿದ್ದೆ, “ಅತ್ತೆ, ಬಚ್ಚಲಲ್ಲಿ ಡ್ರಮ್ ಉಂಟು, ಅದನ್ನು ಸಂಜೆ ಸುಡ್ಲಿಕ್ಕುಂಟು.” ಯಾಕೆ ಸುಡಬೇಕೆಂದು ಹೇಳಲಿಲ್ಲ. ಮಧ್ಯಾಹ್ನದ ಬಸ್ಸು ಹೊರಟುಬಿಡುತ್ತದೆಂಬ ಗಡಿಬಿಡಿ.

ನಮ್ಮ ಕಡೆ ಯಾವುದು ಕೆಟ್ಟರೂ ಮೊದಲ ಚಿಕಿತ್ಸೆ ಅಂಗಳದ ಬಿಸಿಲು. ಬೂಸ್ಟು ಹಿಡಿದ ಅಡಿಕೆಯಿರಲಿ, ಹುಳ ಬಿದ್ದ ಅಕ್ಕಿಯಿರಲಿ, ಜ್ವರ ಬಂದವರು ಹೊದ್ದ ಕಂಬಳಿಯಿರಲಿ, ಒಂದು ಹಗಲು ಕಾಯಿಸಿದರೆ ಎಲ್ಲ ಸರಿ. ಅತ್ತೆ ಅದನ್ನೇ ಮಾಡಿದ್ದರು.

ಗೇಟಿನ ಹತ್ತಿರ ಬರುವಾಗಲೇ ಸದ್ದು ಕೇಳಿಸಿತು. ಅಂಗಳದಲ್ಲಿ ಒಣಹಾಕಿದ ಅಡಿಕೆಯ ಬದಿಗೆ, ಟಾರ್ಪಾಲಿನ ಮೇಲೆ, ಆ ಚೌಕಟ್ಟುಗಳು ಒಂದಕ್ಕೊಂದು ತಾಗದಂತೆ ಸಾಲಾಗಿ ಒರಗಿ ನಿಂತಿದ್ದವು. ಮೂಲೆಯಲ್ಲಿ ಉಳಿದಿದ್ದ ಜೇನು ಬಿಸಿಲಿಗೆ ಕರಗಿ ಹೊಳೆಯುತ್ತಿತ್ತು. ಪ್ರತಿಯೊಂದರ ಮೇಲೂ ನೊಣ. ಮರದ ಪಟ್ಟಿಯೇ ಕಾಣದಷ್ಟು ನೊಣ.

ಅತ್ತೆ ಜಗಲಿಯಲ್ಲಿ ಕುಳಿತು ಬೀಸಣಿಗೆಯಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. “ನೋಡು, ಎಷ್ಟು ಖುಷಿಯಲ್ಲಿ ಬಂದಿದ್ದಾವೆ! ಇಷ್ಟು ಒಳ್ಳೆ ಚೌಕಟ್ಟು ಸುಡ್ತೇನೆ ಅಂತೀಯಲ್ಲ ನೀನು. ಬಿಸಿಲು ಕಂಡದ್ದೇ ತಡ, ಎಲ್ಲ ವಾಪಸು ಬಂತು.”

ಹೊಟ್ಟೆ ತುಂಬಿದ ನೊಣಗಳು ಮೇಲೇಳುತ್ತಿದ್ದವು, ಒಂದು ಸುತ್ತು ಹಾಕಿ ದಾರಿ ಹಿಡಿಯುತ್ತಿದ್ದವು. ಕೆಲವು ನಮ್ಮ ಮನೆಯ ಹಿಂದಕ್ಕೆ, ಉಳಿದ ಎರಡು ಪೆಟ್ಟಿಗೆಗಳ ಕಡೆಗೆ ತಿರುಗಿದವು. ಹೆಚ್ಚಿನವು ಆ ಕಡೆ ಹೋಗಲಿಲ್ಲ. ಬೇಲಿ ದಾಟಿ, ರಬ್ಬರ್ ಮರಗಳ ತಲೆಯ ಮೇಲಿಂದ, ಹಗ್ಗ ಕಟ್ಟಿ ಎಳೆದ ಹಾಗೆ ನೇರ ಮೂಡಲಿಗೆ ಹೋಗುತ್ತಿದ್ದವು. ಮೂಡಲಲ್ಲಿ ಇರುವುದು ಆಚೆಮನೆ. ಆಚೆಮನೆ ಅಕ್ಕನ ಹತ್ತಿರ ಎಂಟು ಪೆಟ್ಟಿಗೆಗಳಿದ್ದವು.

ಬಚ್ಚಲಿಗೆ ಓಡಿ ಎರಡು ಹೊದಿಕೆಗಳನ್ನು ನೀರಿಗೆ ಅದ್ದಿ ತಂದು ಚೌಕಟ್ಟುಗಳ ಮೇಲೆ ಎಸೆದೆ. ಒಳಗೆ ಸಿಕ್ಕಿದ ನೊಣಗಳು ಕಿರುಚಿದಂತೆ ಕೇಳಿಸಿತು. ಟಾರ್ಪಾಲಿನ ತುದಿ ಹಿಡಿದು ಎಲ್ಲವನ್ನೂ ಬಚ್ಚಲಿಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದೆ. ಮಣಿಕಟ್ಟಿಗೆ, ಕುತ್ತಿಗೆಗೆ ಕಚ್ಚಿದ್ದು ಆಮೇಲೆ ಗೊತ್ತಾಯಿತು. ಟಾರ್ಪಾಲಿದ್ದ ಜಾಗಕ್ಕೆ ಕೊಡಗಟ್ಟಲೆ ನೀರು ಹೊಯ್ದೆ. ಬಂದ ನೊಣಗಳು ಒದ್ದೆ ನೆಲದ ಮೇಲೆ ಹುಡುಕುತ್ತಲೇ ಇದ್ದವು.

“ಎಂತಾಯ್ತು ಮಗಾ?” ಅತ್ತೆ ಈಗ ಎದ್ದು ನಿಂತಿದ್ದರು. ಹೇಳಿದೆ. ಅವರ ಕೈಯಲ್ಲಿದ್ದ ಬೀಸಣಿಗೆ ನಿಂತಿತು. “ರೋಗದ್ದು ಅಂತ ಹೇಳ್ಲಿಲ್ಲ ನೀನು.”

ಹೇಳಿರಲಿಲ್ಲ, ನಿಜ.

ಸಂಜೆ ಕತ್ತಲು ಕವಿಯುತ್ತಿದ್ದಂತೆ ತೋಟದಲ್ಲಿ ಗುಂಡಿ ತೋಡಿ ಎರಿ, ಚೌಕಟ್ಟುಗಳನ್ನು ಸುಟ್ಟೆವು. ಮೇಣ ಉರಿಯುವಾಗ ಕಾನ್ವೆಂಟಿನ ಪ್ರಾರ್ಥನಾ ಕೋಣೆಯ ಪರಿಮಳ ಬಂತು. ಅಂಥ ಒಳ್ಳೆಯ ಪರಿಮಳ ಅಷ್ಟು ಕೆಟ್ಟದ್ದೆನಿಸಿದ್ದು ಅದೊಂದೇ ಸಲ. ಬೂದಿಯ ಮೇಲೆ ಮಣ್ಣು ಮುಚ್ಚಿ, ಮೆಟ್ಟಿ, ಮೇಲೊಂದು ಕಲ್ಲು ಹೇರಿದೆವು. ಅತ್ತೆ ಮೆಲ್ಲಗೆ ಹೇಳಿದರು, “ಆಚೆಮನೆಗೆ ಹೇಳ್ಲಿಕ್ಕೆ ಹೋಗ್ಬೇಡ. ನಾಳೆ ಅವರದ್ದು ಒಂದು ಸತ್ರೂ ನಮ್ಮ ತಲೆಗೇ ಕಟ್ತಾರೆ. ಆ ಹೆಂಗಸಿನ ಬಾಯಿ ನಿನಗೆ ಗೊತ್ತಿಲ್ವಾ?”

ಗೊತ್ತಿತ್ತು. ಮನೆಯೊಳಗೆ ಅರೆಭಾಷೆ, ನನ್ನ ಹತ್ತಿರ ಕನ್ನಡ, ಕೆಲಸದವರ ಹತ್ತಿರ ತುಳು, ಮೂರರಲ್ಲೂ ಆಚೆಮನೆ ಅಕ್ಕನ ಮಾತು ಒಂದೇ ಖಾರ. ಜೋರು ಮಾತು ಕೇಳಿದರೆ ನಾನು ಒಳಗೆ ಹೋಗಿಬಿಡುವವಳು. ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ, ನೊಣದ ಕಾಲಲ್ಲಿ ಹೆಸರು ಬರೆದಿರುವುದಿಲ್ಲ. ಆದರೆ ಆ ನೇರ ಗೆರೆ ಕಣ್ಣ ಮುಂದಿನಿಂದ ಹೋಗುತ್ತಿರಲಿಲ್ಲ. ಹೇಳದೆ ಕಳೆದ ಒಂದೊಂದು ಹೊತ್ತಿಗೂ ಅಲ್ಲಿ ನೊಣಗಳು ತಂದ ಜೇನನ್ನು ಮರಿಗಳ ಬಾಯಿಗೆ ಇಡುತ್ತಿರುತ್ತವೆ.

ಬೆಳಿಗ್ಗೆ ಹೋದೆ. ಅಕ್ಕ ಅಂಗಳದ ಬದಿಯಲ್ಲಿ ರಬ್ಬರ್ ಶೀಟನ್ನು ರೋಲರಿಗೆ ಕೊಟ್ಟು ತಿರುಗಿಸುತ್ತಿದ್ದರು.

“ಬನ್ನಿ ಬನ್ನಿ, ಬೆಳಿಗ್ಗೆ ಬೆಳಿಗ್ಗೆ ಮೇಡಂ! ಎಂತ, ಸಕ್ಕರೆ ಮುಗೀತಾ?”

ನಿಂತಲ್ಲೇ ಎಲ್ಲ ಹೇಳಿದೆ. ಅತ್ತೆ ಬಿಸಿಲಿಗಿಟ್ಟರು ಎನ್ನಲು ಹೋಗಿ, “ನಾವು ಬಿಸಿಲಿಗಿಟ್ಟಿದ್ದೆವು” ಎಂದೆ. ರೋಲರ್ ನಿಂತಿತು. ಅರ್ಧ ಹೊರಬಂದ ಶೀಟಿನಿಂದ ನೀರು ತೊಟ್ಟಿಕ್ಕುತ್ತಿತ್ತು.

“ನಿಮ್ಮ ಮನೆ ರೋಗ ನನ್ನ ಮನೆಗೆ ಕಳಿಸ್ಲಿಕ್ಕೆ ಬೇರೆ ದಾರಿ ಸಿಕ್ಲಿಲ್ವಾ ಮಾರಾಯ್ರೆ? ಪಾಯಸ ಬಡಿಸಿದ ಹಾಗೆ ಅಂಗಳದಲ್ಲಿ ಸಾಲಾಗಿ ಇಟ್ಟು ಕರೆದ್ರಾ?”

ಅಕ್ಕ ಕೈ ಒರಸಿಕೊಂಡು ಪೆಟ್ಟಿಗೆಗಳ ಕಡೆ ನಡೆದರು. ಹಿಂದೆಯೇ ಹೊರಟ ನನಗೆ, “ನೀವು ಅಲ್ಲೇ ನಿಲ್ಲಿ. ಎಂತದನ್ನೂ ಮುಟ್ಬೇಡಿ,” ಎಂದರು. ದನದ ಕೊಟ್ಟಿಗೆಯ ಹತ್ತಿರ ನಿಂತುಕೊಂಡೆ. ಒಂದೊಂದೇ ಪೆಟ್ಟಿಗೆ ಬಿಚ್ಚಿ, ಎರಿ ಎತ್ತಿ, ಇಳಿಸಿ, ಮುಚ್ಚಿ ಅವರು ಮುಂದೆ ಹೋಗುವುದನ್ನು ದೂರದಿಂದ ನೋಡಿದೆ. ಎಂಟೂ ಆಯಿತು. ಈಗ ಏನೂ ಕಾಣುವುದಿಲ್ಲ, ರೋಗ ಹಿಡಿದಿದ್ದರೂ ಮರಿ ತಲೆಯೆತ್ತಲು ಕೆಲವು ದಿನ ಬೇಕು ಎಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

“ಈಗ ಎಂತ ಮಾಡುದು?” ಅವರು ದೂರದಿಂದಲೇ ಕೇಳಿದರು. ಗಂಟಲಲ್ಲಿ ಮೊದಲಿನ ಖಾರವಿರಲಿಲ್ಲ.

ಅಲ್ಲಿಂದಲೇ ಪಂಜದ ಕೃಷಿಕರಿಗೆ ಮತ್ತೆ ಫೋನ್ ಮಾಡಿದೆ. ಅವರು ಹೇಳಿದ್ದು ಇಷ್ಟು. ರೋಗ ಬದುಕುವುದು ಮರಿಗಳಲ್ಲಿ. ರಾಣಿಯನ್ನು ಕೂಡಿಹಾಕಿದರೆ ಮೊಟ್ಟೆ ಇಲ್ಲ, ಮೊಟ್ಟೆ ಇಲ್ಲದಿದ್ದರೆ ಮರಿ ಇಲ್ಲ. ಇರುವ ಮರಿಯೆರಿಗಳನ್ನು ಕತ್ತರಿಸಿ ಸುಟ್ಟು, ಕೆಲವು ವಾರ ಕುಟುಂಬವನ್ನು ಮರಿಯಿಲ್ಲದೆ ಇಡಬೇಕು. ಅಷ್ಟರಲ್ಲಿ ನೊಣಗಳು ಗೂಡು ತೊಳೆದುಕೊಳ್ಳುತ್ತವೆ. ಉಳಿದರೆ ಉಳಿಯಿತು.

“ಉಳಿಯದಿದ್ರೆ?” ಎಂದು ನಾನು ಕೇಳಿದ್ದಕ್ಕೆ ಅವರು, “ಸುಮ್ಮನೆ ಬಿಟ್ರೂ ಉಳಿಯುದು ಕಷ್ಟವೇ ಅಕ್ಕ,” ಎಂದರು.

ರಬ್ಬರ್ ಎಲೆ ಉದುರುವ ಕಾಲ ಅದು. ಇನ್ನು ಸ್ವಲ್ಪ ದಿನಕ್ಕೆ ತಾಮ್ರದ ಬಣ್ಣದ ಚಿಗುರು ಬರುತ್ತದೆ, ಆ ಚಿಗುರೆಲೆಯ ತೊಟ್ಟಿನಲ್ಲಿ ಒಸರುವ ಸಿಹಿಯೇ ನಮ್ಮ ಕಡೆ ವರ್ಷದ ಜೇನು. ಈಗ ರಾಣಿಯನ್ನು ಕೂಡಿಹಾಕಿದರೆ ಆ ಹೊತ್ತಿಗೆ ದುಡಿಯುವ ನೊಣವೇ ಇರುವುದಿಲ್ಲ. ಆಚೆಮನೆ ಅಕ್ಕ ಒಪ್ಪಲಿಲ್ಲ. “ರೋಗ ಕಾಣದೆ ನಾನು ರಾಣಿ ಕಟ್ಟುದಿಲ್ಲ. ಕಂಡ್ರೆ ನೋಡುವ.” ನಾನು ನನ್ನ ಎರಡಕ್ಕೂ ಅಂದೇ ಮಾಡುತ್ತೇನೆಂದೆ. “ನಿಮ್ಗೆ ಮೊದ್ಲೇ ಹೆದರಿಕೆ ಜಾಸ್ತಿ,” ಎಂದರು. ಹೌದು, ಹೆದರಿಕೆಯಿಂದಲೇ ಮಾಡಿದ್ದು.

ಸೊಳ್ಳೆಪರದೆಯ ತುಂಡು ಹೊಲಿದ ಟೋಪಿ ಹಾಕಿಕೊಂಡು, ತೆಂಗಿನ ಸಿಪ್ಪೆಯ ಹೊಗೆ ಹಿಡಿದು, ಮೊದಲ ಪೆಟ್ಟಿಗೆ ಬಿಚ್ಚಿದೆ. ಒಂದೊಂದು ಪೆಟ್ಟಿಗೆಗೆ ಬೇರೆ ಬೇರೆ ಸಣ್ಣ ಪೀಶಕತ್ತಿ, ಎರಡನ್ನೂ ಕುದಿಸಿ ಇಟ್ಟಿದ್ದೆ. ತುಡುವೆಯ ರಾಣಿ ನಾಚಿಕೆಯವಳು, ಬೆಳಕು ಕಂಡರೆ ಎರಿಯ ಹಿಂಬದಿಗೆ ಓಡುತ್ತಾಳೆ. ಮೂರು ಎರಿ ತಿರುಗಿಸಿದ ಮೇಲೆ ಸಿಕ್ಕಿದಳು, ಕಪ್ಪಗೆ, ಉದ್ದಕ್ಕೆ. ಅವಳನ್ನು ಬೆರಳಿನಿಂದ ಹಿಡಿಯುವ ಧೈರ್ಯ ನನಗಿಲ್ಲ. ಚಹಾ ಸೋಸುವ ಸಣ್ಣ ಜಾಲರಿಯ ಹಿಡಿ ಮುರಿದು ತಂದಿದ್ದೆ. ಉಸಿರು ಬಿಗಿಹಿಡಿದು ಅದನ್ನು ಅವಳ ಮೇಲೆ ಬೋರಲು ಹಾಕಿ ಎರಿಗೆ ಒತ್ತಿದೆ. ಅವಳ ಒಂದು ಕಾಲು ಅಂಚಿಗೆ ಸಿಕ್ಕಿದರೂ ಎಲ್ಲ ಮುಗಿದ ಹಾಗೆ. ಜಾಲರಿಯೊಳಗೆ ಅವಳು ಒಂದು ಸುತ್ತು ಹಾಕಿದಳು. ಕಾಲುಗಳೆಲ್ಲ ಇದ್ದವು. ಹೊರಗಿನ ನೊಣಗಳು ಜಾಲರಿಯ ತೂತಿನಿಂದ ನಾಲಿಗೆ ಚಾಚಿ ಅವಳಿಗೆ ಉಣಿಸತೊಡಗಿದವು.

ಆಮೇಲೆ ಮರಿಯೆರಿ ಕತ್ತರಿಸುವ ಕೆಲಸ. ಬೆಳ್ಳಗೆ ಮಲಗಿದ ಮರಿಗಳು. ನೋಡಿದರೆ ಒಂದಕ್ಕೂ ರೋಗವಿಲ್ಲ. ಇವು ಸುಮ್ಮನೆ ಸಾಯುತ್ತಿವೆಯೋ ಏನೋ ಎಂದು ಕತ್ತಿ ಹಲವು ಸಲ ನಿಂತಿತು. ಒಂದು ಎರಿಯ ಕೆಳಗಿನ ಅಂಚಿನಲ್ಲಿ, ಬಿಸಿಲು ಬಿದ್ದ ಕಡೆ, ಎರಡು ಮರಿಗಳು ತಲೆಯೆತ್ತಿರುವುದು ಕಂಡಿತು. ನಿನ್ನೆ ಬಂದದ್ದು ಇಂದು ಹೀಗೆ ಕಾಣಲು ಸಾಧ್ಯವಿಲ್ಲ. ರೋಗ ಅಂಗಳದ ಬಿಸಿಲಿಗೂ ಮೊದಲೇ ಇಲ್ಲಿಗೆ ಬಂದಾಗಿತ್ತು. ಬಹುಶಃ ನನ್ನ ಕತ್ತಿಯಲ್ಲಿಯೇ. ಅತ್ತೆಗೆ ಅದನ್ನು ಹೇಳಿದೆ. ಹಿಂದಿನ ರಾತ್ರಿ ಉಣ್ಣದೆ ಮಲಗಿದ್ದ ಅವರು ಆ ರಾತ್ರಿ ಊಟ ಮಾಡಿದರು.

ನಡುವೆ ಖಾಲಿ ಪೆಟ್ಟಿಗೆಯ ಕೆಲಸ. ಮೇಣ, ಅಂಟು ಎಲ್ಲ ಕೆರೆದು, ಕೆರೆದದ್ದನ್ನು ಒಲೆಗೆ ಹಾಕಿ, ಸೋಡಾ ನೀರನ್ನು ಹಂಡೆಯಲ್ಲಿ ಕುದಿಸಿ ತೆಂಗಿನ ನಾರಿನಿಂದ ತಿಕ್ಕಿದೆ. ಮೇಣದ ಹುಳ ಮರವನ್ನೂ ಕೊರೆದು ಸಣ್ಣ ದೋಣಿಯಂಥ ಗುಳಿ ಮಾಡಿಟ್ಟಿತ್ತು. ಒಂದೊಂದು ಗುಳಿಗೂ ಮೊಳೆಯ ತುದಿ ಹಾಕಿ ಬಿಡಿಸಿದೆ. ಒಣಗಿದ ಮೇಲೆ ತೆಂಗಿನ ಮಡಲಿನ ಸೂಟೆ ಹೊತ್ತಿಸಿ, ಒಳಗಿನ ನಾಲ್ಕು ಮೈಗೂ ಅಡಿಹಲಗೆಗೂ ಬೆಂಕಿ ಆಡಿಸಿದೆ. ಹಲಸಿನ ಮರದ ಹಳದಿ ಮೈ ಹುರಿದ ಕಾಫಿಯ ಬಣ್ಣಕ್ಕೆ ತಿರುಗಿತು. ಮೂಲೆಗಳು ಸಾಲದೆನಿಸಿ ಮತ್ತೊಂದು ಸೂಟೆ ಕಟ್ಟಿದೆ. “ಪೆಟ್ಟಿಗೆ ತೊಳೀತೀಯಾ, ಹೋಳಿಗೆ ಬೇಯಿಸ್ತೀಯಾ?” ಎಂದು ಮನೆಯವರು ಜಗಲಿಯಿಂದ ನಕ್ಕರು. ಆ ಪೆಟ್ಟಿಗೆಯನ್ನು ಅಡುಗೆಮನೆಯ ಅಟ್ಟಕ್ಕೆ ಹಾಕಿದೆ. ಮತ್ತೆ ಅದರಲ್ಲಿ ಜೀವ ಇಡುವ ಯೋಚನೆ ನನಗಿರಲಿಲ್ಲ.

ಆಚೆಮನೆ ಅಕ್ಕ ಬಂದದ್ದು ಮುಂದಿನ ವಾರ, ಮಧ್ಯಾಹ್ನದ ಬಿಸಿಲಲ್ಲಿ, ಚಪ್ಪಲಿ ಹಾಕದೆ.

“ಎರಡರಲ್ಲಿ ಉಂಟು. ತಲೆ ಎತ್ತಿದೆ.” ಬೈಯಲಿಲ್ಲ. “ನಿಮ್ಮ ಆ ಚಹಾ ಜಾಲರಿ ಹೇಗೆ ಹಾಕಿದ್ದು, ತೋರ್ಸಿ ಕೊಡಿ.”

ಅಂದು ಕಡಬದ ಪಾತ್ರೆ ಅಂಗಡಿಯಲ್ಲಿ ಇದ್ದಷ್ಟೂ ಜಾಲರಿ ತಂದೆವು. ಎಂಟಕ್ಕೂ ರಾಣಿ ಕಟ್ಟಿದೆವು. ಕೈ, ಕತ್ತಿ, ಬಟ್ಟೆ ಪ್ರತಿ ಪೆಟ್ಟಿಗೆಗೂ ತೊಳೆದುಕೊಂಡು ಮಾಡಿದ ಕೆಲಸ, ಮುಗಿಯುವಾಗ ನಮ್ಮಿಬ್ಬರ ಬೆರಳೂ ಬಟ್ಟೆ ಒಗೆದವರ ಹಾಗೆ ಸುಕ್ಕುಗಟ್ಟಿದ್ದವು.

ಆಮೇಲಿನದು ಬರಿಯ ಕಾಯುವ ಕೆಲಸ. ಸಂಜೆ ಸಂಜೆ ಸಕ್ಕರೆ ಪಾಕವನ್ನು ತೊಟ್ಟೂ ಚೆಲ್ಲದಂತೆ ಪೆಟ್ಟಿಗೆಯೊಳಗೇ ಇಡುವುದು. ಬೆಳಿಗ್ಗೆ ಮೊದಲು ಬಾಗಿಲು ನೋಡುವುದು. ಜೇಡರ ಬಲೆ ಎಲ್ಲಿ ಕಂಡರೂ, ಕಿಟಕಿಯಲ್ಲಿ ಕಂಡರೂ, ಎದೆ ಹಾರುತ್ತಿತ್ತು. ನನ್ನ ಎರಡರಲ್ಲಿ ಒಂದು ಕುಟುಂಬ ದಿನದಿನಕ್ಕೆ ಸಣ್ಣದಾಗಿ, ಕೊನೆಗೆ ಜಾಲರಿಯ ಸುತ್ತ ಒಂದು ಹಿಡಿ ನೊಣ ಉಳಿಯಿತು. ಒಂದು ದಿನ ಅದೂ ಇರಲಿಲ್ಲ. ರಾಣಿ ಜಾಲರಿಯೊಳಗೆ ಒಬ್ಬಳೇ ಸತ್ತಿದ್ದಳು. ಆಚೆಮನೆಯಲ್ಲೂ ಎರಡು ಹೋದವು. ಅವು ನಮ್ಮ ಅಂಗಳದಿಂದ ಹೋದ ಜೇನಿಗೇ ಸತ್ತವೆಂದು ಹೇಳುವಂತಿಲ್ಲ. ಅಲ್ಲವೆಂದೂ ಹೇಳುವಂತಿಲ್ಲ. ಅಕ್ಕ ಆ ಮಾತೆತ್ತಲಿಲ್ಲ. ಎತ್ತಿದ್ದರೆ ಒಮ್ಮೆಗೆ ಮುಗಿಯುತ್ತಿತ್ತು.

ರಬ್ಬರ್ ಚಿಗುರಿತು, ಚಿಗುರು ಹಸಿರಾಯಿತು. ಜಾಲರಿ ತೆಗೆದ ಮೇಲೆ ಉಳಿದ ಕುಟುಂಬಗಳು ಮೆಲ್ಲ ಮೆಲ್ಲ ತುಂಬಿದವು. ಅಕ್ಕನ ಒಂದು ಪೆಟ್ಟಿಗೆ ಮಾತ್ರ ಉಕ್ಕಿ ಬಂತು, ಕುಟುಂಬವನ್ನು ಎರಡು ಪಾಲು ಮಾಡದಿದ್ದರೆ ಹಾರಿಹೋಗುವಷ್ಟು. ಒಂದು ಸಂಜೆ ಅವರೇ ನಮ್ಮ ಹಿಂಬಾಗಿಲಿಗೆ ಬಂದರು.

“ಆ ಸುಟ್ಟ ಪೆಟ್ಟಿಗೆ ಎಲ್ಲಿ ಉಂಟು? ಪಾಲು ಮಾಡ್ಲಿಕ್ಕೆ ಬೇಕು.”

“ಅದು ಬೇಡ ಅಕ್ಕ. ಹೊಸತು ತರಿಸ್ತೇನೆ. ಅದ್ರಲ್ಲಿ ಇನ್ನೂ ಏನಾದ್ರೂ ಉಳಿದಿದ್ರೆ?”

“ಎರಡು ಸಲ ಬೆಂಕಿ ಕಂಡದ್ದು. ಇಷ್ಟು ತಿಂಗಳು ಒಲೆ ಮೇಲೆ ಹೊಗೆ ಕುಡಿದದ್ದು. ಇನ್ನೆಂತ, ಕಾಶಿಗೆ ಕಳಿಸ್ಬೇಕಾ?”

“ಮತ್ತೆ ಹೋದ್ರೆ ನನ್ನಿಂದ ಆಗುದಿಲ್ಲ.”

“ನೊಣ ನಂದು, ಪೆಟ್ಟಿಗೆ ನಿಮ್ದು. ಹೋದ್ರೆ ಇಬ್ಬರದ್ದೂ ಹೋಗ್ಲಿ. ತೆಗೀರಿ ಕೆಳಗೆ.”

ಇಳಿಸಿ ಕೊಟ್ಟೆ. ಹೊಸ ಚೌಕಟ್ಟು ಹಾಕಿ, ರಾಣಿ ಕೋಶವಿದ್ದ ಒಂದು ಎರಿ, ನೊಣ ತುಂಬಿದ ಮೂರು ಎರಿ ಇಟ್ಟು, ನಮ್ಮ ಹಿತ್ತಲಿನಲ್ಲೇ ಬೇರೆ ಜಾಗದಲ್ಲಿ ನಿಲ್ಲಿಸಿದೆವು. ಹೊಸ ರಾಣಿ ಹುಟ್ಟಿದಳು, ಗಂಡುನೊಣ ಕೂಡಲು ಹಾರಿ ಹೋಗಿ ಬಂದಳು, ಮೊಟ್ಟೆ ಇಡಲು ತೊಡಗಿದಳು. ಮೊಟ್ಟೆ ಮರಿಯಾಗುವ ಹೊತ್ತಿಗೆ ನಾನು ಅಕ್ಕನಿಗೆ ಹೇಳಿ ಕಳಿಸಿದೆ. ಒಬ್ಬಳೇ ಬಿಚ್ಚುವ ಧೈರ್ಯವಿರಲಿಲ್ಲ.

ಅವರು ಬಂದರು. ಆದರೆ ಪೆಟ್ಟಿಗೆಯ ಹತ್ತಿರ ಬರದೆ ಬಾವಿಕಟ್ಟೆಯಲ್ಲಿ, ನನಗೆ ಬೆನ್ನು ಹಾಕಿ ಕುಳಿತರು.

“ಬನ್ನಿ ಅಕ್ಕ, ನೋಡುವ.”

“ನೀವೇ ನೋಡಿ ಹೇಳಿ. ನನ್ನಿಂದ ಆಗುದಿಲ್ಲ.”

ಆ ದನಿ ನಾನು ಮೊದಲು ಕೇಳಿರಲಿಲ್ಲ. ಅಷ್ಟು ತಿಂಗಳು ಹೆದರಿದ್ದು ನಾನೊಬ್ಬಳೇ ಎಂದುಕೊಂಡಿದ್ದೆ.

ಹೊಗೆ ಹಾಕಿ ಮುಚ್ಚಳ ತೆಗೆದೆ. ನಡುವಿನ ಎರಿಯನ್ನು ಎತ್ತಿ, ನೊಣಗಳನ್ನು ಮೆಲ್ಲ ಊದಿ ಸರಿಸಿ, ಬಿಸಿಲಿಗೆ ಓರೆ ಮಾಡಿ ಹಿಡಿದೆ. ಮೊದಲು ಏನೂ ಕಾಣಲಿಲ್ಲ. ಮೊಣಕೈಗಳನ್ನು ಸೊಂಟಕ್ಕೆ ಒತ್ತಿಕೊಂಡು ಮತ್ತೆ ನೋಡಿದೆ. ಎರಿಯ ಒಂದು ಕಣ್ಣು. ಅದರ ಪಕ್ಕದ್ದು. ಅದರ ಕೆಳಗಿನದ್ದು.

“ಎಂತ? ಬಾಯಿ ಬಿಡಿ ಮಾರಾಯ್ರೆ!”

“ಬೆಳ್ಳಗೆ ಮಲಗಿವೆ,” ಎಂದೆ.

“ಎಲ್ಲವೂ?”

“ಕಾಣುವುದೆಲ್ಲ.”

ಅವರು ಎದ್ದ ಸದ್ದಾಯಿತು. “ಆಚೆ ಬದಿ ನೋಡಿದ್ರಾ?”

ನೋಡಿರಲಿಲ್ಲ. ಅಕ್ಕ ಬಂದು, ಪರದೆ ಇಲ್ಲದೆ, ನನ್ನ ಹೆಗಲಿಗೆ ಹೆಗಲು ತಾಗಿಸಿ ನಿಂತರು. ಅವರ ಉಸಿರು ಕೇಳುತ್ತಿತ್ತು. ನಾನು ಚೌಕಟ್ಟನ್ನು ತಿರುಗಿಸಿದೆ.